ಮದುವೆ ಶುರುವಾಗುವುದು ಮಾತುಕತೆಯ ಚಾಪೆಯ ಮೇಲೆ

(ಚಿಕ್ಕೇರೂರಿನಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಇವತ್ತು ನನಗೆ ಕೊಟ್ಟ ವಿಷಯ ಮದುವೆಯ ತಯಾರಿ. ಗೋವಿನಜೋಳ, ಹತ್ತಿ ಮಾರಿ ಕೈಗೆ ನಾಲ್ಕು ಕಾಸು ಬಂದಿರುವ ಕಾಲ ಇದು. ಇನ್ನೆರಡು ತಿಂಗಳಿಗೆ ಲಗ್ನಗಳ ಸುಗ್ಗಿ. ಇಲ್ಲಿ ಕುಳಿತವರಲ್ಲಿ ಎಷ್ಟೋ ಜನರ ಮನೆಯಲ್ಲಿ ಆಗಲೇ ಮಾತು ನಡೆದಿರಬಹುದು. ಹಾಗಾಗಿ ದೊಡ್ಡ ತತ್ತ್ವದ ಮಾತಿಗಿಂತ ನಾಳೆ ಉಪಯೋಗಕ್ಕೆ ಬರುವ ಮಾತು ಆಡಬೇಕೆಂದು ಬಂದಿದ್ದೇನೆ. ಅದಕ್ಕೂ ಮೊದಲು ನನ್ನದೊಂದು ತಪ್ಪೊಪ್ಪಿಗೆ ಇದೆ.

ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ವಚನ ಕಲಿಸಿದವನು ನಾನು. ಪ್ರತಿ ಬಸವ ಜಯಂತಿಗೆ ವರದಕ್ಷಿಣೆಯ ವಿರುದ್ಧ ಭಾಷಣ ಮಾಡಿದವನು. ಆದರೆ 2011ರಲ್ಲಿ ಹಿರಿಯ ಮಗಳ ಮಾತುಕತೆಗೆ ಕುಳಿತಾಗ ನನ್ನ ಬಾಯಿ ಕಟ್ಟಿತು. ಬೀಗರ ಕಡೆಯ ಹಿರಿಯರೊಬ್ಬರು ಎಲೆ ಅಡಿಕೆ ಹಾಕಿಕೊಳ್ಳುತ್ತ, "ನಾವೇನೂ ಕೇಳೂದಿಲ್ರೀ ಸರ, ನಿಮ್ಮ ಮಗಳಿಗೆ ನೀವು ಮಾಡೋದು ನಿಮಗ ಬಿಟ್ಟದ್ದು" ಅಂದರು. ಆ ಮಾತಿನ ಅರ್ಥ ನಮಗೆಲ್ಲ ಗೊತ್ತು. ಅರ್ಧ ತಾಸಿನಲ್ಲಿ ಒಂದೂವರೆ ಲಕ್ಷ ರೊಕ್ಕ, ಆರು ತೊಲಿ ಬಂಗಾರ, ಎರಡೂ ಕಡೆಯ ಬಂಧುಗಳಿಗೆ ಆಯೇರ, ಹಿರೇಕೆರೂರಿನಲ್ಲಿ ಕಲ್ಯಾಣ ಮಂಟಪ ಎಂದು ತೀರ್ಮಾನವಾಯಿತು. ನಾನು ತಲೆ ಆಡಿಸಿದೆ. ಸಕ್ಕರೆ ಹಂಚಿದರು.

ಲೆಕ್ಕ ಹೇಳುತ್ತೇನೆ. ರೊಕ್ಕ 1,50,000. ಬಂಗಾರ 1,40,000. ಜವಳಿ ಮತ್ತು ಆಯೇರ 85,000. ಮಂಟಪ, ಶಾಮಿಯಾನ, ಲೈಟು, ಬ್ಯಾಂಡು 70,000. ಸಾವಿರದ ಐದುನೂರು ಜನರ ಊಟ 1,35,000. ಒಟ್ಟು 5,80,000 ರೂಪಾಯಿ. ನನ್ನ ಹತ್ತಿರ ಇದ್ದ ಗಂಟು ಎರಡು ಲಕ್ಷ. ಮನೆ ಕಟ್ಟಿದ ಬ್ಯಾಂಕ್ ಸಾಲ ಇನ್ನೂ ತೀರಿರಲಿಲ್ಲ, ಅಲ್ಲಿ ಮತ್ತೆ ಕೇಳುವಂತಿರಲಿಲ್ಲ. ಅಪ್ಪ ಬಿಟ್ಟುಹೋದ ಹೊಲದಲ್ಲಿ ಒಂದೂವರೆ ಎಕರೆ ಮಾರಿದೆ, 2,30,000 ಬಂತು. ಉಳಿದ ಒಂದೂವರೆ ಲಕ್ಷವನ್ನು ಮೂರು ರೂಪಾಯಿ ಬಡ್ಡಿಯಂತೆ ಕೈಸಾಲ ತಂದೆ. ತಿಂಗಳಿಗೆ 4,500 ಬಡ್ಡಿ. ಅಸಲು ತೀರಿಸಲು ನಾಲ್ಕು ವರ್ಷ ಬೇಕಾಯಿತು. ಅಷ್ಟರಲ್ಲಿ ಬಡ್ಡಿಯೇ 2,16,000 ಕಟ್ಟಿದ್ದೆ. ವರದಕ್ಷಿಣೆಗೆಂದು ಕೊಟ್ಟ ರೊಕ್ಕಕ್ಕಿಂತ ಅದರ ಸಾಲಕ್ಕೆ ಕಟ್ಟಿದ ಬಡ್ಡಿಯೇ ಹೆಚ್ಚು.

ರೊಕ್ಕದ ಮಾತು ಇರಲಿ, ಹೊಲ ಹೋಯಿತು ಎಂದು ಅಳಲು ಬಂದವನಲ್ಲ ನಾನು. ಅದಕ್ಕಿಂತ ದೊಡ್ಡದೊಂದು ನಡೆಯಿತು. ನನ್ನ ಮಕ್ಕಳು ಚಿಕ್ಕವರಿದ್ದಾಗಲೇ ಅವರ ತಾಯಿ ಲಿಂಗೈಕ್ಯಳಾದಳು. ಸಾಕಿದವಳು ನನ್ನ ಅಕ್ಕ. ಇಪ್ಪತ್ತಮೂರನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮಕ್ಕಳಿಗೆ ಹಾಲು ಕಾಸಿದವಳು, ಜ್ವರ ಬಂದಾಗ ರಾತ್ರಿಯೆಲ್ಲ ಎದ್ದವಳು, ಹಿರಿಯವಳ ಮದುವೆಗೆ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಹದಿನೈದು ದಿನ ರೊಟ್ಟಿ ಬಡಿಸಿದವಳು ಅವಳೇ. ಆದರೆ ಹಂದರದ ಕಂಬ ನಿಲ್ಲಿಸುವಾಗ, ಐರಾಣಿ ತರುವಾಗ, ಅರಿಷಿಣ ಹಚ್ಚುವಾಗ, ಸುರಗಿ ನೀರು ಹಾಕುವಾಗ ಅವಳು ದೂರ. ಲಗ್ನದ ಹೊತ್ತಿಗೆ ತಾಯಿಯ ಜಾಗದಲ್ಲಿ ನಿಂತವರು ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುವ ಒಬ್ಬ ಮುತ್ತೈದೆ. ಅಕ್ಕಿಕಾಳು ಬೀಳುವಾಗ ನಾನು ಹುಡುಕಿದೆ, ಅಕ್ಕ ಅಡುಗೆಯವರ ಹತ್ತಿರ ಬುಂದೆಯ ಬುಟ್ಟಿಯ ಪಕ್ಕ ನಿಂತಿದ್ದಳು. ಸೆರಗಿನ ತುದಿ ಬಾಯಿಗೆ ಹಿಡಿದಿದ್ದಳು.

ಅವಳನ್ನು ಅಲ್ಲಿ ನಿಲ್ಲಿಸಿದವರು ಬೀಗರಲ್ಲ, ನಾನು. ಮಾತುಕತೆಯ ದಿನ ನಾನು ಒಂದು ಮಾತು ಆಡಿದ್ದರೆ ಅವಳು ಮುಂದೆ ನಿಲ್ಲುತ್ತಿದ್ದಳು. ಮದುವೆಯ ದಿನ ಆಡಲು ನನಗೆ ಧೈರ್ಯವಿರಲಿಲ್ಲ, ಆಡಿದ್ದರೂ ಜಗಳವಾಗುತ್ತಿತ್ತು. ಇವತ್ತು ನಾನು ಹೇಳಬೇಕಾದದ್ದು ಇದೊಂದೇ. ಸುಧಾರಣೆ ಮಂಟಪದಲ್ಲಿ ಆಗುವುದಿಲ್ಲ. ಅದು ಆಗುವುದಿದ್ದರೆ ಮೊದಲನೆಯ ದಿನ, ಮಾತುಕತೆಯ ಚಾಪೆಯ ಮೇಲೆ ಆಗುತ್ತದೆ. ಅಲ್ಲಿ ಸುಮ್ಮನಿದ್ದವನು ಮುಂದೆ ಎಲ್ಲದಕ್ಕೂ ರೊಕ್ಕ ಕೊಡುತ್ತಾನೆ, ಇಲ್ಲವೇ ಯಾರದೋ ಮಾನ ಕೊಡುತ್ತಾನೆ.

ಶರಣ ಬಂಧುಗಳೇ, ನಮ್ಮ ಪರಂಪರೆಯಲ್ಲಿ ಮದುವೆ ಸಣ್ಣ ಸಂಗತಿಯಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಕಾಯಕದ ಹರಳಯ್ಯನವರ ಮಗ ಶೀಲವಂತನಿಗೂ, ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಶರಣರಾದ ಮಧುವರಸರ ಮಗಳು ಲಾವಣ್ಯಳಿಗೂ ಮದುವೆಯಾಯಿತೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಒಂದು ಮದುವೆಗಾಗಿ ಇಬ್ಬರು ತಂದೆಯರು ಎಳೆಹೂಟೆಯ ಶಿಕ್ಷೆ ಅನುಭವಿಸಿದರು, ಕಲ್ಯಾಣವೇ ಚದುರಿಹೋಯಿತು. ಆ ತಂದೆಯರೂ ಒಂದು ದಿನ ಎದುರುಬದುರು ಕುಳಿತು ಮಾತಾಡಿರಬೇಕಲ್ಲ? ಅಂಥವರ ಹೆಸರು ಹೇಳುವ ನಾವು ಬೀಗರು ಏನಂದಾರು ಎಂದು ಹೆದರುತ್ತೇವೆ. ಪಕ್ಕದ ಅಬಲೂರು ಏಕಾಂತದ ರಾಮಯ್ಯನವರ ಹೆಸರಿನೊಂದಿಗೆ ಬೆರೆತ ಊರು. ಹಾನಗಲ್ಲಿನ ಕುಮಾರ ಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರ ಕಟ್ಟಲು ಹೊರಟದ್ದು ಈ ಸೀಮೆಯಿಂದಲೇ. ಇಂಥ ನೆಲದಲ್ಲಿದ್ದು ನಮಗೆ ಒಂದು 'ಒಲ್ಲೆ' ಹೇಳಲು ಬಾಯಿ ಬರುವುದಿಲ್ಲ.

ಎರಡನೆಯ ಮಗಳ ಮದುವೆ 2019ರಲ್ಲಿ ಆಯಿತು. ಆ ಸಲ ಹೇಗೆ ತಯಾರಿ ಮಾಡಿದೆವು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಮಗಳನ್ನೇ ಕೇಳಿದೆ. ಹುಡುಗನನ್ನು ತೋರಿಸಿ "ಒಪ್ಪಿಗೆಯೇನವ್ವಾ?" ಅನ್ನುವುದು ಕೇಳಿದಂತಲ್ಲ, ಅದು ಒಪ್ಪಿಸುವುದು. ಯಾವಾಗ ಮದುವೆ ಬೇಕು, ಓದು ಮುಗಿಯಬೇಕೇ, ನೌಕರಿ ಮಾಡುವೆಯಾ, ಎಂಥ ಮನೆ ಬೇಕು ಎಂದು ಕೇಳಿದೆ. "ಬಿ.ಎಡ್. ಮುಗಿಸ್ತೀನಪ್ಪಾ, ಆಮ್ಯಾಲೆ ನೋಡೂಣು" ಅಂದಳು. ಕಾಯ್ದೆವು. ಕಾಯ್ದೆ ಪ್ರಕಾರ ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೂ "ಒಳ್ಳೆ ಮನೆತನ ಬಂದೈತಿ" ಎಂದು ಹದಿನಾರಕ್ಕೇ ಮುಗಿಸುವ ಮನೆಗಳು ಇನ್ನೂ ಇವೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ತಂದೆಯಷ್ಟೇ ಅಲ್ಲ, ಮದುವೆ ಮಾಡಿಸಿದ ಅಯ್ಯನವರು, ಮುಂದೆ ನಿಂತು ನಡೆಸಿದ ಹಿರಿಯರು ಎಲ್ಲರಿಗೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು.

ಎರಡನೆಯದು, ಒಲ್ಲದ ಸಂಗತಿಗಳ ಪಟ್ಟಿ. ಸಾಮಾನಿನ ಪಟ್ಟಿ ಆಮೇಲೆ. ನಾನು, ಅಕ್ಕ, ಇಬ್ಬರು ಮಕ್ಕಳು ಕುಳಿತು ಒಂದು ಹಾಳೆಯಲ್ಲಿ ಬರೆದೆವು. ರೊಕ್ಕ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಸಾಲ ಮಾಡುವುದಿಲ್ಲ. ಆಯೇರ ಇಲ್ಲ. ಡಿಜೆ ಇಲ್ಲ. ಪಂಚಾಂಗ ನೋಡಿಸುವುದಿಲ್ಲ. ಅಕ್ಕ ಮುಂದೆ ನಿಲ್ಲುತ್ತಾಳೆ. ಈ ಆರು ಮಾತುಗಳನ್ನು ಬಂದ ಬೀಗರಿಗೆ ಚಹಾ ಕೊಡುವಾಗಲೇ ಹೇಳುವುದೆಂದು ಗಟ್ಟಿ ಮಾಡಿಕೊಂಡೆವು.

ಇದು ಸುಲಭವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ಮನೆತನ ತಪ್ಪಿದವು. ಒಬ್ಬರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಒಂದು ವರ್ಷ ನನಗೆ ನಿದ್ದೆ ಇರಲಿಲ್ಲ. "ಮಾಸ್ತರ ಜಿಪುಣ ಆಗ್ಯಾನ, ಅದಕ್ಕ ಬಸವಣ್ಣನ ಹೆಸರು ಹೇಳ್ತಾನ" ಎಂದು ನಮ್ಮವರೇ ಆಡಿಕೊಂಡರು. ನಾಲ್ಕನೆಯದಾಗಿ ಬಂದವರು ಪಟ್ಟಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹುಡುಗನ ತಾಯಿ, "ನಮ್ಮನ್ಯಾಗೂ ಎರಡು ಹೆಣ್ಣು ಕೊಟ್ಟೀವ್ರೀ, ಆ ಸಾಲ ಇನ್ನೂ ತೀರಿಲ್ಲ. ನೀವು ಮೊದಲs ಹೇಳಿದ್ದು ಚೊಲೋ ಆತು" ಅಂದರು. ಎಷ್ಟೋ ಸಲ ಎದುರಿಗಿದ್ದವರೂ ನಮ್ಮ ಹಾಗೆಯೇ ಹೆದರಿರುತ್ತಾರೆ. ಯಾರಾದರೂ ಒಬ್ಬರು ಮೊದಲು ಬಾಯಿ ಬಿಡಬೇಕು.

ವರದಕ್ಷಿಣೆಯ ಕಾಯ್ದೆಯನ್ನೂ ತಿಳಿದುಕೊಳ್ಳಿ. 1961ರಿಂದ ಇರುವ ಕಾಯ್ದೆ. ಕೊಟ್ಟವನಿಗೂ, ತೆಗೆದುಕೊಂಡವನಿಗೂ ಕನಿಷ್ಠ ಐದು ವರ್ಷ ಸೆರೆವಾಸ. 15,000 ರೂಪಾಯಿ ಅಥವಾ ವರದಕ್ಷಿಣೆಯ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಕಡಿಮೆಯಿಲ್ಲದ ದಂಡ. ಬರೀ ಕೇಳಿದರೂ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಶಿಕ್ಷೆ. ಆ ಲೆಕ್ಕದಲ್ಲಿ 2011ರಲ್ಲಿ ನಾನೂ ಅಪರಾಧಿಯೇ. ಆದರೆ ಹೆದರಿ ದೂರು ಕೊಡದೆ ಕೂರಬೇಡಿ. ನೊಂದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆಯಲ್ಲಿದೆ.

ಪ್ರೀತಿಯಿಂದ ಕೊಡುವ ಉಡುಗೊರೆಯ ಮಾತು ಬೇರೆ. ಅದಕ್ಕೂ 1985ರಲ್ಲಿ ನಿಯಮ ಬಂದಿದೆ. ಮಗಳಿಗೆ ಬಂದ ಉಡುಗೊರೆಗಳ ಪಟ್ಟಿ ಮಗಳ ಹತ್ತಿರ, ಅಳಿಯನಿಗೆ ಬಂದವುಗಳ ಪಟ್ಟಿ ಅಳಿಯನ ಹತ್ತಿರ ಇರಬೇಕು. ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ ಬರೆದು ಇಬ್ಬರೂ ಸಹಿ ಮಾಡಬೇಕು. ಮುಯ್ಯಿ ಬರೆಯಲು ಹೇಗೂ ಒಬ್ಬ ಹುಡುಗನನ್ನು ಕೂಡಿಸುತ್ತೀರಿ. ಅದರ ಜೊತೆಗೆ ಇದೊಂದು ಪಟ್ಟಿಯನ್ನೂ ಬರೆಸಿ. ನಾಳೆ ಮಗಳಿಗೆ ಕಷ್ಟ ಬಂದರೆ ಅವಳ ವಸ್ತು ಅವಳದೇ ಎನ್ನಲು ಅದೇ ಆಧಾರ.

ಮೂರನೆಯದು ದಿನ ಗೊತ್ತು ಮಾಡುವುದು. ಪಂಚಾಂಗದಲ್ಲಿ ನಾಲ್ಕೇ ಮುಹೂರ್ತ ಇದ್ದರೆ ತಾಲ್ಲೂಕಿನ ಮದುವೆಗಳೆಲ್ಲ ಆ ನಾಲ್ಕು ದಿನಕ್ಕೇ ಬಂದು ಬೀಳುತ್ತವೆ. ಮಂಟಪದ ಬಾಡಿಗೆ ಏರುತ್ತದೆ, ಅಡುಗೆಯವರು ಸಿಗುವುದಿಲ್ಲ, ಬಂಧುಗಳು ಒಂದೇ ದಿನ ಮೂರು ಲಗ್ನಕ್ಕೆ ಓಡಾಡಿ ಎಲ್ಲಿಯೂ ನೆಟ್ಟಗೆ ಕೂರುವುದಿಲ್ಲ. ನಾವು ನೋಡಿದ್ದು ಮೂರೇ ಸಂಗತಿ: ಹೊಲದ ಕೆಲಸ ಮುಗಿದಿರಬೇಕು, ಮಕ್ಕಳ ಪರೀಕ್ಷೆ ಇರಬಾರದು, ಭಾನುವಾರ ಇರಬೇಕು. ಇನ್ನೊಂದು ಮಾತು ತಾಯಂದಿರಿಗೆ. ತಿಂಗಳ ಮುಟ್ಟು ಆ ದಿನಕ್ಕೆ ಬರುತ್ತದೆಂದು ಮಗಳಿಗೆ ಗುಳಿಗೆ ನುಂಗಿಸುವುದನ್ನು ಕಂಡಿದ್ದೇನೆ. ಶರಣರು ಪಂಚಸೂತಕಗಳನ್ನು ಒಪ್ಪಲಿಲ್ಲ, ರಜಸ್ಸೂತಕವೂ ಅದರಲ್ಲಿ ಒಂದು. ಇಷ್ಟಲಿಂಗ ಕಟ್ಟಿಕೊಂಡ ಮೈಗೆ ಮೈಲಿಗೆ ಇಲ್ಲವೆಂದ ಮೇಲೆ ಗುಳಿಗೆ ಯಾತಕ್ಕೆ?

ನಾಲ್ಕನೆಯದು ಬಂಗಾರ. ಬಸವ ಜಯಂತಿ ಬರುವುದು ವೈಶಾಖ ಶುದ್ಧ ತದಿಗೆಗೆ. ಅದೇ ದಿನವನ್ನು ಅಕ್ಷಯ ತೃತೀಯಾ ಎಂದು ಬಂಗಾರದ ಅಂಗಡಿಯವರು ಜಾಹೀರಾತು ಮಾಡುತ್ತಾರೆ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ್ ಮಂಜಪ್ಪನವರು ಬಸವ ಜಯಂತಿಯ ಸಾರ್ವಜನಿಕ ಆಚರಣೆ ಶುರುಮಾಡಿದ್ದು ಜನ ಬಸವಣ್ಣನವರನ್ನು ನೆನೆಯಲಿ ಎಂದು. ಈಗ ಮುಂಜಾನೆ ಮೆರವಣಿಗೆ ಮುಗಿಸಿ ಮಧ್ಯಾಹ್ನ ನಾವು ಬಂಗಾರದ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತೇವೆ. ಕಿರಿಯ ಮಗಳಿಗೆ ನಾವು ಹಾಕಿದ್ದು ಒಂದು ತಾಳಿ ಮತ್ತು ಅವಳ ತಾಯಿಯ ಎರಡು ಬಳೆ. ಅವಳ ಹೆಸರಿಗೆ ಒಂದು ಲಕ್ಷ ಠೇವಣಿ ಇಟ್ಟೆವು, ಪಾಸ್‌ಬುಕ್ಕು ಅವಳ ಕೈಗೇ ಕೊಟ್ಟೆವು.

ಐದನೆಯದು ಊಟ. ದಾಸೋಹದ ಧರ್ಮ ನಮ್ಮದು, ಬಂದವರಿಗೆ ಹೊಟ್ಟೆ ತುಂಬ ಉಣಿಸುವುದರಲ್ಲಿ ಜಿಪುಣತನ ಬೇಡ. ಆದರೆ ಎಲೆಯಲ್ಲಿ ಹದಿನೆಂಟು ಬಗೆ ಬಡಿಸಿ ಅರ್ಧ ತಿಪ್ಪೆಗೆ ಹಾಕುವುದು ದಾಸೋಹವಲ್ಲ. ರೊಟ್ಟಿ, ಬದನೆಕಾಯಿ ಪಲ್ಯ, ಗೋಧಿ ಹುಗ್ಗಿ, ಅನ್ನ ಸಾರು, ಮಜ್ಜಿಗೆ. ಆರುನೂರ ಐವತ್ತು ಜನ ಉಂಡರು, ಎಲೆಯಲ್ಲಿ ಬಿಟ್ಟವರು ಕಡಿಮೆ. ರೊಟ್ಟಿ ಬಡಿದವರು ಓಣಿಯವರು, ಬಡಿಸಿದವರು ನನ್ನ ವಿದ್ಯಾರ್ಥಿಗಳು. ಮನೆಯ ಮುಂದೆಯೇ ಹಂದರ ಹಾಕಿದೆವು. ಎಲ್ಲ ಸೇರಿ ಮದುವೆಯ ಖರ್ಚು 1,60,000, ಠೇವಣಿ ಬೇರೆ. ಒಂದು ರೂಪಾಯಿ ಸಾಲ ಇಲ್ಲ.

ಡಿಜೆ ಬೇಡವೆಂದಾಗ ಹುಡುಗರು ಮುನಿಸಿಕೊಂಡರು. ನಿಜವಾದ ಚಿಂತೆ ಹಾಡಿನದಲ್ಲ. ಮದುವೆಯ ಹಿಂದಿನ ರಾತ್ರಿ ಟ್ರ್ಯಾಕ್ಟರಿನ ಮರೆಯಲ್ಲಿ ಬಾಟಲಿ ತೆಗೆಯುತ್ತಾರಲ್ಲ, ಅದರದು. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಮದುವೆಯ ಮನೆಯಲ್ಲಿಯೂ ಅಂಥ ಜೋಳಿಗೆ ಬೇಕು. ಲಗ್ನಪತ್ರಿಕೆಯಲ್ಲಿಯೇ, "ಕುಡಿದು ಬರಬೇಡಿ" ಎಂದು ಅಚ್ಚು ಹಾಕಿಸಿದೆವು. ಕೆಲವರು ನಕ್ಕರು. ಆದರೆ ಆ ರಾತ್ರಿ ನಮ್ಮ ಓಣಿಯಲ್ಲಿ ಜಗಳವಾಗಲಿಲ್ಲ.

ಇನ್ನು ಮದುವೆಯ ದಿನ. ಹಿಂದಿನ ಸಂಜೆ ಅಕ್ಕ ಕೈಕೊಟ್ಟಳು. "ಬ್ಯಾಡೋ ತಮ್ಮಾ, ನಾಳೆ ಹುಡುಗಿಗೆ ಏನರ ಆದರ ನನ್ನ ಮ್ಯಾಲೆ ಬರ್ತದ. ನಾ ಒಳಗs ಇರ್ತೀನಿ" ಅಂದಳು. ನಾನು ಏನು ಹೇಳಿದರೂ ಕೇಳಲಿಲ್ಲ. ನಲವತ್ತು ವರ್ಷ ಹಿಂದೆ ನಿಲ್ಲಿಸಿದವಳನ್ನು ಒಂದು ಸಂಜೆಯಲ್ಲಿ ಮುಂದೆ ತರುವುದು ಹೇಗೆ? ಕಡೆಗೆ ಮಗಳೇ ಹೋಗಿ ಅವಳ ಪಕ್ಕ ಕುಳಿತಳು. "ಅತ್ತಿ, ನೀ ಬರಲಿಲ್ಲಂದ್ರ ನಾನೂ ಏಳೂದಿಲ್ಲ, ನೋಡು" ಅಂದಳು. ಮತ್ತೇನೂ ಹೇಳಲಿಲ್ಲ.

ಬೆಳಿಗ್ಗೆ ಪೂಜ್ಯರ ಸಮ್ಮುಖದಲ್ಲಿ ವಧೂವರರು ಜೊತೆಯಾಗಿ ಕುಳಿತು ಇಷ್ಟಲಿಂಗ ಪೂಜೆ ಮಾಡಿದರು. ಕನ್ಯಾದಾನ ಇರಲಿಲ್ಲ, ಮಗಳು ದಾನ ಕೊಡುವ ವಸ್ತುವಲ್ಲ. ಇಬ್ಬರ ಹಣೆಗೂ ವಿಭೂತಿ ಹಚ್ಚಿದವಳು ಅಕ್ಕ. ತಾಳಿಯ ತಟ್ಟೆ ಹಿಡಿದು ಅಳಿಯನ ಮುಂದೆ ನಿಂತವಳೂ ಅಕ್ಕ. ಅವಳ ಕೈ ನಡುಗುತ್ತಿತ್ತು. ಹೆಣ್ಣುಮಕ್ಕಳು ವಚನ ಹಾಡಿದರು. ಇಬ್ಬರೂ ಪ್ರತಿಜ್ಞೆ ಓದಿದರು, ಒಬ್ಬಳೇ ಓದಲಿಲ್ಲ. ಅಕ್ಕಿಯ ಬದಲು ಹೂವಿನ ಎಸಳು ಬಿದ್ದವು. ಒಂದು ತಾಸಿನಲ್ಲಿ ಮುಗಿಯಿತು. ಈಗ ಆ ಮಗಳಿಗೆ ಎರಡು ಮಕ್ಕಳು, ಎಲ್ಲರೂ ಚೆನ್ನಾಗಿದ್ದಾರೆ. ಚೆನ್ನಾಗಿ ಇರದಿದ್ದರೂ ಅದಕ್ಕೆ ನನ್ನ ಅಕ್ಕ ಕಾರಣಳಾಗುತ್ತಿರಲಿಲ್ಲ.

"ಹಿಂಗ ಮಾಡಿದರ ಮದುವಿ ಕಾಯ್ದೆಕ್ಕ ನಿಲ್ತದೇನ್ರೀ?" ಎಂದು ಬಹಳ ಜನ ಕೇಳುತ್ತಾರೆ. 1955ರ ವಿವಾಹ ಕಾಯ್ದೆಯ 2ನೇ ಕಲಮಿನಲ್ಲಿ ಲಿಂಗಾಯತರ ಹೆಸರನ್ನು ಬರೆದೇ ಸೇರಿಸಿದ್ದಾರೆ. ವಧು ಅಥವಾ ವರನ ಕಡೆಯ ರೂಢಿಯ ಸಂಸ್ಕಾರದಂತೆ ಮದುವೆ ಆಗಬಹುದೆಂದು 7ನೇ ಕಲಮು ಹೇಳುತ್ತದೆ. ಸಪ್ತಪದಿಯ ಮಾತು ಆ ರೂಢಿ ಇದ್ದವರಿಗೆ. ಹೇಗೆ ಮದುವೆ ಮಾಡಿದರೂ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸುವುದನ್ನು ಮಾತ್ರ ಬಿಡಬೇಡಿ. ವಯಸ್ಸಿನ ದಾಖಲೆ, ಆಧಾರ್, ಫೋಟೋ, ಲಗ್ನಪತ್ರಿಕೆ, ಸಾಕ್ಷಿಗಳು ಬೇಕು. ಮದುವೆಯ ತಯಾರಿಯ ಪಟ್ಟಿಯಲ್ಲಿ ಇದನ್ನು ಕೊನೆಯ ಸಾಲಾಗಿ ಬರೆದಿಡಿ. ಬೀಗರನ್ನು ಬೀಳ್ಕೊಟ್ಟ ವಾರದೊಳಗೆ ಮುಗಿಸಿ.

ಸಾಮೂಹಿಕ ಮದುವೆಯ ಬಗ್ಗೆ ಒಂದು ಮಾತು. ಧರ್ಮಸ್ಥಳದಲ್ಲಿ 1972ರಿಂದ ನಡೆಯುತ್ತಿದೆ. ನಮ್ಮ ಎಷ್ಟೋ ಮಠಗಳಲ್ಲಿ ಜಾತ್ರೆಗೆ, ಬಸವ ಜಯಂತಿಗೆ ನಡೆಯುತ್ತದೆ. ಆದರೆ ಅದು ಬಡವರಿಗೆ ಎಂಬ ಭಾವನೆ ಬಂದುಬಿಟ್ಟಿದೆ. ಉಳ್ಳವರು ವೇದಿಕೆಯ ಮೇಲೆ ಕುಳಿತು ತಾಳಿ ದಾನ ಕೊಡುತ್ತಾರೆ, ತಮ್ಮ ಮಕ್ಕಳ ಮದುವೆ ಮಾತ್ರ ಹುಬ್ಬಳ್ಳಿಯ ದೊಡ್ಡ ಮಂಟಪದಲ್ಲಿ ಮಾಡುತ್ತಾರೆ. ತಾಳಿ ಕೊಡುವವರು ತಮ್ಮ ಮಗನನ್ನೂ ಆ ಸಾಲಿನಲ್ಲಿ ನಿಲ್ಲಿಸಲಿ. ಆಗ ಬಡವನ ಮಗಳು ತಲೆ ತಗ್ಗಿಸದೆ ಅಲ್ಲಿ ನಿಲ್ಲುತ್ತಾಳೆ.

ಕೊನೆಗೆ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಕಿರಿಯವಳ ಮದುವೆ ಮುಗಿದ ರಾತ್ರಿ, ಹಂದರದ ಕೆಳಗೆ ಚಾಪೆ ಹಾಸಿಕೊಂಡು ಎಲ್ಲರೂ ಕುಳಿತಿದ್ದೆವು. ಹಿರಿಯ ಮಗಳು ಮೆಲ್ಲಗೆ ಕೇಳಿದಳು: "ಅಪ್ಪಾ, ಈ ಮಾತೆಲ್ಲ ನನ್ನ ಮದುವ್ಯಾಗ ಯಾಕ ಬರಲಿಲ್ಲ?" ಸಿಟ್ಟಿನಿಂದ ಕೇಳಲಿಲ್ಲ. ಅವಳ ತಂಗಿಗೆ ಸಿಕ್ಕ ಮರ್ಯಾದೆ ತನಗೆ ಯಾಕೆ ಸಿಗಲಿಲ್ಲ ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ಹೆದರಿದ್ದೆ ಅನ್ನುವುದು ಕಾರಣವಾದೀತು, ಉತ್ತರವಾಗದು.

ನಿಮ್ಮ ಮನೆಯ ಮಾತುಕತೆಗೆ ಇನ್ನೂ ಹೊತ್ತಿದೆ. ಮಗಳು ಆ ಪ್ರಶ್ನೆ ಕೇಳುವ ಮೊದಲೇ ಒಂದು ಹಾಳೆ ತೆಗೆದುಕೊಂಡು ಮನೆಯವರೆಲ್ಲ ಕುಳಿತು ಒಲ್ಲದ ಸಂಗತಿಗಳ ಪಟ್ಟಿ ಬರೆಯಿರಿ. ಬರೆದದ್ದನ್ನು ಬೀಗರು ಬಂದ ಮೊದಲ ದಿನವೇ ಓದಿ ಹೇಳಿರಿ. ಗಂಡಿನ ಕಡೆಯವರಾದರೆ ನೀವೇ ಮೊದಲು ಓದಿರಿ, ನಿಮ್ಮ ಮಾತಿಗೆ ತೂಕ ಹೆಚ್ಚು.